ನಲವತ್ತೊಂಬತ್ತು ದಿನಕ್ಕೆ ಬಾಡಿಗೆ ಹಾಲ್ ಸಿಗುವುದಿಲ್ಲ

ಅಮೆರಿಕದ ನಮ್ಮ ಕನ್ನಡ ಕೂಟಕ್ಕೆ ಸ್ವಂತ ಕಟ್ಟಡ ಬೇಕೇ ಎಂಬ ಮಾತು ಸರ್ವಸದಸ್ಯರ ಸಭೆಯಲ್ಲಿ ವರ್ಷಕ್ಕೊಮ್ಮೆ ಬಿಸಿಯಾಗಿ ಏಳುತ್ತದೆ, ಊಟದ ಹೊತ್ತಿಗೆ ತಣ್ಣಗಾಗುತ್ತದೆ. ಯುಗಾದಿಗೊಂದು, ರಾಜ್ಯೋತ್ಸವಕ್ಕೊಂದು ಶಾಲೆಯ ಸಭಾಂಗಣ ಹೇಗೂ ಸಿಗುತ್ತದಲ್ಲ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಈ ಪ್ರಶ್ನೆಯನ್ನು ನಮಗಿಂತ ಬಹಳ ಚಿಕ್ಕದಾದ, ನಮ್ಮಷ್ಟು ಸಂಬಳವೂ ಇಲ್ಲದ ಒಂದು ಸಮುದಾಯ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬಗೆಹರಿಸಿಕೊಂಡಿದೆ. ಅದು ನೇಪಾಳದ ಎವರೆಸ್ಟ್ ಸೀಮೆಯಿಂದ ಬಂದ ಶೆರ್ಪಾಗಳ ಸಂಘ, ಯುನೈಟೆಡ್ ಶೆರ್ಪಾ ಅಸೋಸಿಯೇಷನ್. ಅವರ ಬಾಯಲ್ಲಿ ಶೆರ್ಪಾ ಕಿದುಗ್. ಹುಟ್ಟಿದ್ದು 1996ರಲ್ಲಿ. ಇಂದು ಎಲ್ಮ್‌ಹರ್ಸ್ಟ್‌ನಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡವೇ ಅವರ ಗೋಂಪಾ (ಬೌದ್ಧ ಮಂದಿರ), ಅವರ ಕಚೇರಿ, ಅವರ ಪಾಠಶಾಲೆ.

1996 ನೇಪಾಳಕ್ಕೆ ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಮಾವೋವಾದಿಗಳ ಯುದ್ಧ ಶುರುವಾಯಿತು, ಅದು ನಿಲ್ಲಲು 2006 ಬರಬೇಕಾಯಿತು. ಮೇ ತಿಂಗಳಲ್ಲಿ ಎವರೆಸ್ಟ್ ಮೇಲೆ ಎದ್ದ ಬಿರುಗಾಳಿಗೆ ಎಂಟು ಮಂದಿ ಸತ್ತರು. ಅದಕ್ಕೂ ಮೊದಲು ನ್ಯೂಯಾರ್ಕ್‌ಗೆ ಬಂದ ಶೆರ್ಪಾಗಳು ಕೆಲವರೇ. ಹಲವರು ಟ್ರೆಕ್ಕಿಂಗ್‌ನಲ್ಲಿ ಪರಿಚಯವಾದ ಅಮೆರಿಕನ್ನರ ನೆರವಿನಿಂದ ಬಂದವರು. ಆಮೇಲೆ ಯುದ್ಧದ ದೂಡುವಿಕೆಯೂ ಚೀಟಿ ಎತ್ತಿ ಅಮೆರಿಕದಲ್ಲಿ ನೆಲೆಸಲು ಬಿಡುವ ಡೈವರ್ಸಿಟಿ ವೀಸಾ ಲಾಟರಿಯ ಸೆಳೆತವೂ ಕೂಡಿದವು. ಗಂಡಸರು ಟ್ಯಾಕ್ಸಿ ಹಿಡಿದರು, ಹೆಂಗಸರು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದರು. ನೇಪಾಳದ ಹೊರಗಿನ ದೊಡ್ಡ ಶೆರ್ಪಾ ನೆಲೆಗಳಲ್ಲಿ ನ್ಯೂಯಾರ್ಕ್ ಒಂದಾಯಿತು. ಹಾಗೆಂದರೂ ತಲೆಲೆಕ್ಕ ಕೆಲವು ಸಾವಿರ ಮಾತ್ರ. 2011ರ ನೇಪಾಳ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿದ್ದ ಶೆರ್ಪಾಗಳೇ 1,12,946 ಜನ.

ಕಿದುಗ್ ಎಂಬುದು ಅವರು ಅಮೆರಿಕದಲ್ಲಿ ಕಲಿತದ್ದಲ್ಲ. ಟಿಬೆಟ್ ಮತ್ತು ಹಿಮಾಲಯದ ಊರುಗಳ ಹಳೆಯ ಪದ್ಧತಿ ಅದು: ಸದಸ್ಯರು ಚಂದಾ ಹಾಕುತ್ತಾರೆ, ಮದುವೆ, ಕಾಯಿಲೆ, ಸಾವು ಬಂದ ಮನೆಗೆ ಗುಂಪು ಹೆಗಲು ಕೊಡುತ್ತದೆ. ವಲಸೆ ಹೋದಲ್ಲಿ ಸಂಘ ಕಟ್ಟುವುದೂ ಅವರಿಗೆ ಹೊಸದಲ್ಲ. ನೇಪಾಳದ ಶೆರ್ಪಾ ಸೀಮೆಯಾದ ಸೋಲುಖುಂಬುವಿನಿಂದ ಕೆಲಸ ಹುಡುಕಿಕೊಂಡು ದಾರ್ಜಿಲಿಂಗ್‌ಗೆ ಬಂದು ತೂಂಗ್‌ಸೂಂಗ್ ಬಸ್ತಿಯಲ್ಲಿ ನೆಲೆಸಿದವರಿಗೆ ಮೊದಲು ಇದ್ದದ್ದು ಧಾರ್ಮಿಕ ಸಂಘ. ಎರಡನೇ ಮಹಾಯುದ್ಧದ ನಂತರ ಅದೇ ಸಂಘ ಪರ್ವತಾರೋಹಣದ ಕೂಲಿದರ, ಪರಿಹಾರಗಳ ಬಗ್ಗೆಯೂ ಮಾತಾಡತೊಡಗಿತು. ಪೂಜೆಯಿಂದ ಶುರುವಾಗಿ ಕೂಲಿಯ ಚೌಕಾಸಿಗೆ ಬಂದದ್ದು ನಮಗಂತೂ ಆರೋಗ್ಯಕರ ಬೆಳವಣಿಗೆಯಾಗಿಯೇ ಕಾಣುತ್ತದೆ.

ಇನ್ನು ಕಟ್ಟಡದ ವಿಷಯ. ಶೆರ್ಪಾಗಳಿಗೆ ಹೊಸವರ್ಷದ ಲೋಸಾರ್ ದೊಡ್ಡ ಹಬ್ಬ, ಆದರೆ ಅದಕ್ಕೆ ಪಾರ್ಟಿ ಹಾಲ್ ಸಾಕು. ಸಾಲದೇ ಬರುವುದು ಸಾವಿಗೆ. ದಹನದ ದಿನವನ್ನು ಜ್ಯೋತಿಷ ನೋಡಿ ಹೇಳಬೇಕು, ಅದು ಎರಡು ಮೂರು ದಿನ ಮುಂದೆ ಹೋಗಬಹುದು. ಅಷ್ಟೂ ದಿನ ದೇಹ ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮ್‌ನ ಶೀತಲ ಕೋಣೆಯಲ್ಲಿ, ಮೀಟರ್ ಓಡುತ್ತಲೇ ಇರುತ್ತದೆ. ನ್ಯೂಯಾರ್ಕ್ ನಗರದಲ್ಲಿ ದಹನಕ್ಕೆ ಮೆಡಿಕಲ್ ಎಕ್ಸಾಮಿನರ್, ಅಂದರೆ ಸಾವಿನ ಕಾರಣ ಪರಿಶೀಲಿಸುವ ಸರ್ಕಾರಿ ವೈದ್ಯಾಧಿಕಾರಿಯ, ಒಪ್ಪಿಗೆಯೂ ಬೇಕು. ಶುಭ ಮುಹೂರ್ತಕ್ಕೂ ಸರ್ಕಾರಿ ಮೊಹರಿಗೂ ಹೊಂದಿಕೆ ಮಾಡುವುದು ಸಂಘದಲ್ಲಿ ಅನುಭವ ಇರುವವರ ಕೆಲಸ. ಆಮೇಲೆ ನಲವತ್ತೊಂಬತ್ತು ದಿನಗಳ ವಿಧಿ. ಏಳು ದಿನಕ್ಕೊಮ್ಮೆ ಲಾಮಾಗಳ ಪಾರಾಯಣ, ದೀಪ, ಬಂದವರಿಗೆಲ್ಲ ಚಹಾ, ಊಟ. ಕ್ವೀನ್ಸ್‌ನ ಒಂದು ಬೆಡ್‌ರೂಮಿನ ಮನೆಯಲ್ಲಿ ಇದು ಆಗದ ಮಾತು. ನಾಲ್ಕು ಗಂಟೆಗೆ ಬಾಡಿಗೆ ಕೊಡುವ ಹಾಲ್‌ನವರು ಏಳು ವಾರ ಕೊಡುವುದಿಲ್ಲ, ಕೊಟ್ಟರೂ ಯಾವ ಟ್ಯಾಕ್ಸಿ ಚಾಲಕನೂ ಆ ಹಣ ತೆರಲಾರ. ನಮ್ಮ ತಿಳಿವಳಿಕೆಯಲ್ಲಿ ಆ ಕಟ್ಟಡದ ನಿಜವಾದ ಲೆಕ್ಕಾಚಾರ ಇಲ್ಲಿದೆ.

ಚರ್ಚನ್ನೇ ಕೊಳ್ಳುವುದರಲ್ಲಿ ಜಾಣತನವಿದೆ. ವಾಸದ ಮನೆ ಕೊಂಡು ಅಲ್ಲಿ ನೂರು ಜನ ಸೇರಿಸಲು ಹೊರಟರೆ ಬಳಕೆ ಬದಲಾವಣೆ, ಪಾರ್ಕಿಂಗ್, ನೆರೆಯವರ ದೂರು, ತುರ್ತು ಬಾಗಿಲುಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಚರ್ಚ್ ಮೊದಲೇ ಆರಾಧನಾ ಸ್ಥಳ. ಗೋಂಪಾ ಆದ ಮೇಲೂ ಅದೇ ವರ್ಗ. ಹಾಗೆಂದು ಹಾದಿ ಸಲೀಸಲ್ಲ. ನ್ಯೂಯಾರ್ಕ್‌ನಲ್ಲಿ ಧಾರ್ಮಿಕ ಸಂಸ್ಥೆ ತನ್ನ ಆಸ್ತಿ ಮಾರಬೇಕಾದರೆ ನ್ಯಾಯಾಲಯದ ಅಥವಾ ರಾಜ್ಯದ ಕಾನೂನು ಮುಖ್ಯಾಧಿಕಾರಿಯಾದ ಅಟಾರ್ನಿ ಜನರಲ್ ಅವರ ಅನುಮತಿ ಬೇಕು. ಮುಂಗಡ ಕೊಟ್ಟ ಖರೀದಿದಾರ ತಿಂಗಳುಗಟ್ಟಲೆ ಕಾಯಬೇಕಾದೀತು, ಆದ್ದರಿಂದ ಸಾಲದ ಒಪ್ಪಿಗೆಯ ಅವಧಿ ಅಷ್ಟರೊಳಗೆ ಮುಗಿಯದಂತೆ ನೋಡಿಕೊಳ್ಳಬೇಕು. ಒಳಗೆ 75 ಅಥವಾ ಹೆಚ್ಚು ಜನ ಸೇರುವ ಜಾಗಕ್ಕೆ ನಗರದ ಸಭಾಸ್ಥಳ ಪರವಾನಗಿ, ಆಸನಗಳ ನಕ್ಷೆ ಬೇಕು. ಸಾಲಾಗಿ ಉರಿಯುವ ಬೆಣ್ಣೆ ದೀಪಗಳಿಗೆ ಅಗ್ನಿಶಾಮಕ ಇಲಾಖೆಯ ನಿಯಮಗಳಿವೆ. ಆಸ್ತಿ ತೆರಿಗೆಯ ವಿನಾಯಿತಿ ತಾನಾಗಿ ಬರುವುದಿಲ್ಲ: ಅರ್ಜಿ ಹಾಕಬೇಕು, ವರ್ಷವರ್ಷವೂ ನವೀಕರಿಸಬೇಕು. ಖರ್ಚು ಹುಟ್ಟಿಸಲು ಹೊರಗಿನವರ ಪಾರ್ಟಿಗೆ ಬಾಡಿಗೆ ಕೊಟ್ಟರೆ ಆ ಭಾಗದ ವಿನಾಯಿತಿಯೇ ಹೋಗಬಹುದು. ‘ಹಾಲ್ ತಾನೇ ದುಡಿದು ಸಾಲ ತೀರಿಸುತ್ತದೆ’ ಎನ್ನುವ ನಮ್ಮ ಉತ್ಸಾಹಿಗಳು ಇದನ್ನು ಎರಡು ಸಲ ಓದಲಿ.

ಇಂಥ ಸಂಘದ ಕಾರ್ಯದರ್ಶಿಗೆ ಇನ್ನೊಂದು ತಲೆನೋವು ಸದಸ್ಯರ ಪಟ್ಟಿ. ಶೆರ್ಪಾಗಳಲ್ಲಿ ಹುಟ್ಟಿದ ವಾರವೇ ಹೆಸರಾಗುವುದು ವಾಡಿಕೆ: ಭಾನುವಾರ ನಿಮಾ, ಸೋಮವಾರ ದಾವಾ, ಮಂಗಳವಾರ ಮಿಂಗ್ಮಾ, ಬುಧವಾರ ಲ್ಹಾಕ್ಪಾ, ಗುರುವಾರ ಫುರ್ಬಾ, ಶುಕ್ರವಾರ ಪಾಸಾಂಗ್, ಶನಿವಾರ ಪೆಂಬಾ. ಇವು ಗಂಡಿಗೂ ಹೆಣ್ಣಿಗೂ ಸಲ್ಲುತ್ತವೆ. ಊರಲ್ಲಿ ಕುಲದ ಹೆಸರು, ಹಳ್ಳಿಯ ಹೆಸರು ಸೇರಿಸಿ ಗುರುತಿಸುತ್ತಾರೆ. ಪಾಸ್‌ಪೋರ್ಟಿನಲ್ಲಿ ಎಲ್ಲರ ಅಡ್ಡಹೆಸರೂ ಶೆರ್ಪಾ. 1928ರಲ್ಲಿ ಹುಟ್ಟಿದ, ಪರ್ವತಾರೋಹಿಗಳ ಹಿಮಾಲಯನ್ ಕ್ಲಬ್ ಇದೇ ಗೊಂದಲಕ್ಕೆ ಸಿಕ್ಕಿ ತನ್ನ ಶೆರ್ಪಾಗಳಿಗೆ ಸಂಖ್ಯೆ ಕೊಟ್ಟಿತ್ತು. ಹೆಸರೊಂದನ್ನೇ ನಂಬಿ ಚಂದಾ ಜಮಾ ಮಾಡಿದರೆ ಒಬ್ಬ ಪಾಸಾಂಗ್ ಕಟ್ಟಿದ ಹಣ ಇನ್ನೊಬ್ಬ ಪಾಸಾಂಗ್ ಖಾತೆಗೆ ಹೋಗುತ್ತದೆ. ಹಳ್ಳಿ, ಹುಟ್ಟಿದ ವರ್ಷ, ಸದಸ್ಯ ಸಂಖ್ಯೆ ಮೂರೂ ಇರಬೇಕು. (ನಮ್ಮದು ತದ್ವಿರುದ್ಧದ ಕಷ್ಟ. ಊರು, ಅಪ್ಪ, ತಾತ ಎಲ್ಲ ಇನಿಷಿಯಲ್‌ನಲ್ಲಿ ಅಡಗಿದ್ದು, ವೀಸಾ ಅರ್ಜಿಯಲ್ಲಿ ಒಮ್ಮೆಗೇ ಹೊರಬರುತ್ತವೆ.)

2014ರ ಏಪ್ರಿಲ್ 18ರಂದು ಎವರೆಸ್ಟ್ ದಾರಿಯಲ್ಲಿ ಹಿಮನದಿ ಒಡೆದು ಇಳಿಯುವ ಖುಂಬು ಐಸ್‌ಫಾಲ್‌ನಲ್ಲಿ ಹಿಮಗಡ್ಡೆ ಕುಸಿದು 16 ನೇಪಾಳಿ ಕೆಲಸಗಾರರು ಸತ್ತರು. ಸರ್ಕಾರ ಮೊದಲು ಘೋಷಿಸಿದ ನೆರವು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಕ್ವೀನ್ಸ್‌ನ ಗೋಂಪಾದಲ್ಲಿ ಪ್ರಾರ್ಥನೆಗೆ ಸೇರಿದವರಲ್ಲಿ ಹಿಂದೆ ಅದೇ ದಾರಿಯಲ್ಲಿ ಹೊರೆ ಹೊತ್ತವರೂ ಇದ್ದರು. ಮರುವರ್ಷ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ. ಸುಮಾರು ಒಂಬತ್ತು ಸಾವಿರ ಸಾವು. ಕಟ್ಟಡ ನೆರವಿನ ಕೇಂದ್ರವಾಯಿತು.

ಅಂಥ ಹೊತ್ತಿನಲ್ಲಿ ಸಂಘಗಳು ಎಡವುವುದು ಒಳ್ಳೆಯ ಮನಸ್ಸಿನಿಂದಲೇ. ಜನ ಹಳೆ ಬಟ್ಟೆ, ಕಂಬಳಿ ತಂದು ಸುರಿಯುತ್ತಾರೆ. ಆದರೆ ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಒಂದೇ ಓಡುದಾರಿ. ಅದು ಹಾಳಾದೀತೆಂದು ಮೇ ಮೊದಲ ವಾರದಲ್ಲಿ ಭಾರಿ ವಿಮಾನಗಳನ್ನು ತಡೆದರು. ಟಾರ್ಪಾಲಿನ್, ಡೇರೆಗಳಿಗೆ ಸುಂಕ ಬಿಟ್ಟರೂ ಉಳಿದ ಸಾಮಾನು ಕಸ್ಟಮ್ಸ್‌ನಲ್ಲಿ ಕೊಳೆಯಿತು. ಹಣ ಕಳಿಸುವುದೇ ಮೇಲು, ಅದಕ್ಕೂ ಷರತ್ತಿದೆ. ದುರಂತದ ನಂತರ ನೇಪಾಳದಲ್ಲಿ ಹೊಸದಾಗಿ ತೆರೆದ ಪರಿಹಾರ ಖಾತೆಗಳ ಹಣ ಪ್ರಧಾನಿ ನಿಧಿಗೇ ಹೋಗಬೇಕೆಂಬ ಆದೇಶ ಬಂತು, ಹಳೆಯ ನೋಂದಾಯಿತ ಸಂಸ್ಥೆಗಳ ಬೆಲೆ ಆಗ ಗೊತ್ತಾಯಿತು. ಅಮೆರಿಕದ ಕಡೆ, ತೆರಿಗೆ ವಿನಾಯಿತಿಯ ಸಂಘವು ಹಣ ಯಾರಿಗೆ, ಯಾವುದಕ್ಕೆ ಎಂದು ತಾನೇ ತೀರ್ಮಾನಿಸಿ ದಾಖಲೆ ಇಡಬೇಕು. ದಾನಿ ಹೇಳಿದ ಕುಟುಂಬಕ್ಕೆ ದಾಟಿಸುವ ಕೊಳವೆಯಾದರೆ ದಾನಿಗೆ ತೆರಿಗೆ ರಿಯಾಯಿತಿ ಸಲ್ಲದು. 2018ರ ಕೊಡಗು ನೆರೆಗೆ ಅಮೆರಿಕದಿಂದ ಹಣ ಕಳಿಸಿದವರಿಗೂ ಇದೇ ನಿಯಮ, ಮೇಲೆ ವಿದೇಶಿ ದೇಣಿಗೆಯ ಬಗೆಗಿನ ಭಾರತದ ಕಾಯ್ದೆ ಎಫ್‌ಸಿಆರ್‌ಎ ಬೇರೆ.

ಭೂಕಂಪದ ಬೆನ್ನಿಗೇ, 2015ರ ಜೂನ್ 24ರಂದು, ಅಮೆರಿಕ ತನ್ನಲ್ಲಿದ್ದ ನೇಪಾಳಿಗಳಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ, ಅಂದರೆ ಟಿಪಿಎಸ್, ಘೋಷಿಸಿತು. ಮೊದಲ ನೋಂದಣಿಗೆ ಸಿಕ್ಕಿದ್ದು 180 ದಿನ. ಜೂನ್ 24ರಿಂದ ಇಲ್ಲೇ ಇದ್ದುದಕ್ಕೆ ಪುರಾವೆ ಬೇಕಿತ್ತು. ಬಾಡಿಗೆ ಕರಾರು ತನ್ನ ಹೆಸರಲ್ಲಿಲ್ಲದೆ, ಸಂಬಳ ನಗದಾಗಿ ಪಡೆಯುವ ಮನೆಗೆಲಸದಾಕೆ ಅದನ್ನು ಎಲ್ಲಿಂದ ತರಬೇಕು? ಆಸ್ಪತ್ರೆಯ ರಸೀದಿ, ಮಗುವಿನ ಶಾಲೆಯ ಪತ್ರ, ಹಣ ಕಳಿಸಿದ ಚೀಟಿ, ಸಂಘದ ದಿನಾಂಕವಿರುವ ಚಂದಾ ರಸೀದಿ, ಇವೇ ಆಸರೆ. ರಸೀದಿ ಪುಸ್ತಕ ನೆಟ್ಟಗೆ ಇಡುವುದು ಎಷ್ಟು ದೊಡ್ಡ ಸೇವೆ ಎಂದು ಖಜಾಂಚಿಗಳು ಗಮನಿಸಲಿ. 2018ರಲ್ಲಿ ಆ ರಕ್ಷಣೆಯನ್ನು ಕೊನೆಗಾಣಿಸುವ ನಿರ್ಧಾರ ಬಂದಾಗ ನೇಪಾಳಿಗಳು ನ್ಯಾಯಾಲಯಕ್ಕೆ ಹೋದರು; 2025ರಲ್ಲಿ ಸರ್ಕಾರ ಮತ್ತೆ ಅದೇ ನಿರ್ಧಾರ ಮಾಡಿತು, ವ್ಯಾಜ್ಯವೂ ಮತ್ತೆ ನಡೆಯಿತು.

ಅವರ ಮಕ್ಕಳಿಗೆ ಶೆರ್ಪಾ ಭಾಷೆ, ಕೈಕೈ ಹಿಡಿದು ಕುಣಿಯುವ ಶ್ಯಾಬ್ರು ಕಲಿಸುವ ತರಗತಿಗಳ ಬಗ್ಗೆ ಬರೆದರೆ ನಮ್ಮ ಕನ್ನಡ ಕಲಿ ಶಾಲೆಗಳ ಕಥೆಯೇ ಆದೀತು. ನಮಗೂ ಅವರಿಗೂ ಇರುವ ನಂಟು ಇನ್ನೊಂದು: ಸೋಲುಖುಂಬುವಿನ ಥಾಮೆಯಲ್ಲಿ ಹುಟ್ಟಿದ ಬೌದ್ಧ ಗುರು ಲಾಮಾ ಜೋಪಾ ಅವರ, ಕಠ್ಮಂಡು ಬಳಿಯ ಕೋಪನ್ ಮಠದ ಭಿಕ್ಷುಗಳು ಉನ್ನತ ಓದಿಗೆ ಬರುವುದು ಬೈಲಕುಪ್ಪೆಯ ಸೆರಾ ಜೆ ಮಠಕ್ಕೆ.

ಕಟ್ಟಡದ ಮಾತು ಹೇಗೂ ಇರಲಿ, ಕೂಟ ಈ ವರ್ಷವೇ ಮಾಡಬಹುದಾದ ಎರಡು ಕೆಲಸಗಳಿವೆ. ಒಂದು, ತೆರಿಗೆ ವಿನಾಯಿತಿಯ ಸಂಘಗಳು ಅಮೆರಿಕದ ತೆರಿಗೆ ಇಲಾಖೆಗೆ ವರ್ಷವರ್ಷವೂ ಸಲ್ಲಿಸುವ ಫಾರ್ಮ್ 990. ವಾರ್ಷಿಕ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ಸಂಘಕ್ಕೆ ಅದು ಕೆಲವೇ ಸಾಲಿನ ಇ-ಪೋಸ್ಟ್‌ಕಾರ್ಡ್. ಮೂರು ವರ್ಷ ಸತತವಾಗಿ ಮರೆತರೆ ವಿನಾಯಿತಿ ತಾನಾಗಿ ರದ್ದು. ಅಧ್ಯಕ್ಷರು ಬದಲಾದಾಗ ಪಾಸ್‌ವರ್ಡ್ ಹಸ್ತಾಂತರವಾಗದೆ ಹೀಗಾಗುವುದುಂಟು. ಎರಡು, ಸಾವಿನ ಮನೆಗೆ ಕೊಡಲು ಒಂದು ಪುಟದ ಪಟ್ಟಿ. ದೇಹವನ್ನು ಊರಿಗೆ ಕಳಿಸುವುದಾದರೆ ಮರಣ ಪ್ರಮಾಣಪತ್ರ, ಎಂಬಾಮಿಂಗ್ (ದೇಹ ಕೆಡದಂತೆ ಸಂಸ್ಕರಿಸಿದ) ಪತ್ರ, ಸಾಂಕ್ರಾಮಿಕ ರೋಗವಿಲ್ಲವೆಂಬ ವೈದ್ಯರ ಪತ್ರ, ಮೊಹರು ಮಾಡಿದ ಪೆಟ್ಟಿಗೆಯ ಬಗ್ಗೆ ಫ್ಯೂನರಲ್ ಹೋಮ್‌ನ ಹೇಳಿಕೆ, ಭಾರತದ ಪಾಸ್‌ಪೋರ್ಟ್ ಇದ್ದರೆ ಅದರ ರದ್ದತಿ, ಕಾನ್ಸುಲೇಟ್‌ನ ಒಪ್ಪಿಗೆ ಪತ್ರ. ಅಸ್ಥಿ ಒಯ್ಯುವುದಾದರೆ ದಹನ ಪ್ರಮಾಣಪತ್ರವೂ ಜೊತೆಗಿರಲಿ. ಡಬ್ಬಿ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ತಾಮ್ರದ ಚೊಂಬಿನೊಳಗೆ ಎಕ್ಸ್‌ರೇಗೆ ಏನೂ ಕಾಣದು. ಭದ್ರತಾ ಸಿಬ್ಬಂದಿ ಅದನ್ನು ತೆರೆದು ನೋಡುವುದಿಲ್ಲ, ಒಳಗೂ ಬಿಡುವುದಿಲ್ಲ.