ಕಂಡಕ್ಟರ್ ಕೆಲಸಕ್ಕಾಗಿ ನಡೆದ ಹೋರಾಟ

ಆತ್ಮೀಯರೇ,

ನಾವು ನೆಲೆಸಿರುವ ಇಂಗ್ಲೆಂಡಿನ ಬಸ್ಸುಗಳಲ್ಲಿ ಇವತ್ತು ಪಂಜಾಬಿನವರೋ ಜಮೈಕಾದವರೋ ಡ್ರೈವರ್ ಸೀಟಿನಲ್ಲಿ ಕೂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. 1963ರ ಬ್ರಿಸ್ಟಲ್‌ನಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿನ ಆಮ್ನಿಬಸ್ ಕಂಪನಿ ಕಪ್ಪು ಜನರನ್ನೂ ನಮ್ಮಂಥ ಏಷ್ಯಾದವರನ್ನೂ ವರ್ಕ್‌ಶಾಪು, ಕ್ಯಾಂಟೀನುಗಳಿಗೆ ಸೇರಿಸಿಕೊಳ್ಳುತ್ತಿತ್ತು. ಬಸ್ಸಿನ ಮೇಲೆ ಡ್ರೈವರ್, ಕಂಡಕ್ಟರ್ ಕೆಲಸ ಮಾತ್ರ ಕೊಡುತ್ತಿರಲಿಲ್ಲ. ಆಗ ಅದನ್ನು ತಡೆಯುವ ಕಾನೂನೂ ಇರಲಿಲ್ಲ.

ಆ ಬಾಗಿಲು ತೆಗೆಸಿದವರಲ್ಲಿ ಮುಂದಾಳು ಪಾಲ್ ಸ್ಟೀಫನ್‌ಸನ್. ಯುವಜನ ಅಧಿಕಾರಿಯಾಗಿದ್ದ ಅವರಿಗೆ ಇನ್ನೂ 25 ವರ್ಷ. 18ರ ಹರೆಯದ ಗೈ ಬೇಲಿಗೆ ಕಂಪನಿಯಲ್ಲಿ ಸಂದರ್ಶನ ಗೊತ್ತುಮಾಡಿಸಿದರು. ಹುಡುಗ ವೆಸ್ಟ್ ಇಂಡೀಸಿನವನು ಎಂದು ತಿಳಿದದ್ದೇ ತಡ, ಸಂದರ್ಶನ ರದ್ದಾಯಿತು. ಏಪ್ರಿಲ್ ಕೊನೆಗೆ ಬಸ್ ಬಹಿಷ್ಕಾರ ಶುರುವಾಯಿತು. ರಾಯ್ ಹ್ಯಾಕೆಟ್, ಓವೆನ್ ಹೆನ್ರಿ ಮೊದಲಾದವರು ಜತೆಗಿದ್ದರು. ಲೇಬರ್ ಪಕ್ಷದ ನಾಯಕ ಟೋನಿ ಬೆನ್, ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಬೆಂಬಲಕ್ಕೆ ನಿಂತರು. ಆಗಸ್ಟ್ 28ರಂದು, ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ 'ನನಗೊಂದು ಕನಸಿದೆ' ಭಾಷಣ ಮಾಡಿದ ದಿನವೇ, ಕಂಪನಿ ಮಣಿಯಿತು. ಸೆಪ್ಟೆಂಬರ್ 17ರಂದು ಕಂಡಕ್ಟರ್ ಆಗಿ ಸೇರಿದ ಮೊದಲಿಗರು ರಘಬೀರ್ ಸಿಂಗ್, ನಮ್ಮ ದೇಶದ ಸಿಖ್ಖರು. ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂದು ನನ್ನಾಸೆ.

ಮರುವರ್ಷ ಪಬ್ಬೊಂದರಲ್ಲಿ, ಕಪ್ಪು ಬಣ್ಣದವನೆಂದು, ಎದ್ದು ಹೋಗು ಎಂದಾಗ ಸ್ಟೀಫನ್‌ಸನ್ ಏಳಲಿಲ್ಲ. ಪೊಲೀಸರು ಹಿಡಿದೊಯ್ದರು, ಪ್ರಕರಣ ಬಿದ್ದುಹೋಯಿತು. 1965ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಬ್ರಿಟನ್ನಿನ ಮೊದಲ ಕಾಯ್ದೆ ಬಂತು. 1968ರ ಕಾಯ್ದೆ ನೌಕರಿ, ಮನೆಬಾಡಿಗೆಗೂ ಅದನ್ನು ವಿಸ್ತರಿಸಿತು. ಸ್ಟೀಫನ್‌ಸನ್ 2024ರ ನವೆಂಬರ್ 2ರಂದು ತೀರಿಕೊಂಡರು.

ಮೊನ್ನೆ ಬೆಳಗಾವಿಗೆ ಹೋದಾಗ ಇದನ್ನೆಲ್ಲ ಅಣ್ಣನ ಮಗನಿಗೆ ಹೇಳಿದೆ. ಅವನು ಓದಲು ಬ್ರಿಸ್ಟಲ್‌ಗೇ ಬರುವವ. ಟಿಳಕವಾಡಿಯ ಗಾಂಧಿ ಸ್ಮಾರಕ ವೀರಸೌಧ ನೋಡಿಕೊಂಡು ಕಾಂಗ್ರೆಸ್ ಬಾವಿಯ ಹತ್ತಿರ ನಿಂತಿದ್ದೆವು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, 1924ರದ್ದು, ನಡೆದ ಜಾಗ ಅದು. ಅಸ್ಪೃಶ್ಯತೆ ಸ್ವರಾಜ್ಯಕ್ಕೆ ಅಡ್ಡಿ ಎಂದು ಆ ಅಧ್ಯಕ್ಷ ಭಾಷಣದಲ್ಲೇ ಅವರು ಹೇಳಿದ್ದರು.

"ಕಂಡಕ್ಟರ್ ನೌಕರಿಗೂ ಬಣ್ಣ ನೋಡ್ತಿದ್ರೇನ್ರಿ ಕಾಕಾ?" ಎಂದ ಹುಡುಗ. ತುಸು ಹೊತ್ತು ಬಿಟ್ಟು, "ರೂಮಿನ ಸಲುವಾಗಿ ಅಲ್ಲಿ ಒಬ್ಬರು ಕನ್ನಡದವ್ರಿಗೆ ಫೋನ್ ಹಚ್ಚಿದ್ನಿರಿ. ನೀವು ಯಾವ ಮಂದಿ ಅಂತ ಕೇಳಿದ್ರು. ಏನ್ ಹೇಳ್ಬೇಕ್ರಿ?"

"ಏನೂ ಹೇಳಬ್ಯಾಡ, ಬ್ಯಾರೆ ಕಡೆ ನೋಡೋಣ" ಎಂದೆ. ಸಿಟ್ಟು ಮಾತ್ರ ಇಳಿದಿಲ್ಲ. ಬಿಳಿಯ ಮಾಲೀಕರು ಬಣ್ಣ ನೋಡಿ ಮನೆ ನಿರಾಕರಿಸದಂತೆ ಬೇರೆಯವರು ಬಡಿದಾಡಿದ್ದರಿಂದ ನಾವಿಲ್ಲಿ ನೆಲೆಯಾದೆವು. ಊರಿನಿಂದ ಹೊಸದಾಗಿ ಬರುವ ಹುಡುಗನ ಜಾತಿ ತೂಗಿ ಕೊಠಡಿ ಕೊಡುವುದು ನಮಗೆ ಸಲ್ಲದು.

ಈ ಸಂಚಿಕೆಯಿಂದ ನಮ್ಮ ಬಾಡಿಗೆ ಪುಟದಲ್ಲಿ ಜಾತಿ, ಪಂಗಡ ಸೂಚಿಸುವ ಜಾಹೀರಾತು ಪ್ರಕಟವಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ಬರುವ ವಿದ್ಯಾರ್ಥಿಗಳಿಗೆ, ಯಾವ ಮಂದಿ ಎಂದು ಕೇಳದೆ, ಮೊದಲ ತಿಂಗಳಾದರೂ ಒಂದು ಕೊಠಡಿ ಕೊಡಬಲ್ಲವರು ದಯವಿಟ್ಟು ಸಂಪಾದಕ ಮಂಡಳಿಗೆ ತಿಳಿಸಿ.