ಖಾಲಿ ಕ್ಯಾರಿಯರ್‌ಗೂ ಪೆಟ್ರೋಲ್ ಬೇಕು

ಮಾನ್ಯ ಸಂಪಾದಕರೇ,

ಪೆಟ್ರೋಲ್ ದರ ಐವತ್ತು ಪೈಸೆ ಏರಿದರೂ ಮುಖಪುಟದ ಸುದ್ದಿಯಾಗುತ್ತದೆ. ಕಾರಿನ ಟಾಪ್ ಮೇಲೆ ವರ್ಷವಿಡೀ ಖಾಲಿ ಕೂತ ಕ್ಯಾರಿಯರ್ ಕುಡಿಯುವ ಪೆಟ್ರೋಲ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಾಗಲಿ, ತುಮಕೂರು ದಾಟಿ ಹುಬ್ಬಳ್ಳಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಾಗಲಿ, ಟೋಲ್ ಬಳಿ ಹತ್ತು ನಿಮಿಷ ನಿಂತು ನೋಡಿ. ಯೆಲ್ಲೋ ಬೋರ್ಡ್ ಗಾಡಿಗಳು ಒಂದರ ಹಿಂದೊಂದು ಕ್ಯಾರಿಯರ್ ಹೊತ್ತು ಬರುತ್ತವೆ. ಮೇಲೆ ಲಗೇಜ್ ಕಾಣುವುದು ಅಲ್ಲೊಂದು ಇಲ್ಲೊಂದಕ್ಕೆ.

ಊರೊಳಗಿನ ಓಡಾಟದಲ್ಲಿ ಇದು ದೊಡ್ಡ ವಿಷಯವಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಇಂಧನ ಹೋಗುವುದು ಗಾಡಿಯ ತೂಕವನ್ನು ಮತ್ತೆ ಮತ್ತೆ ಎಳೆದು ನಿಲ್ಲಿಸುವುದಕ್ಕೆ. ಲೆಕ್ಕ ತಿರುಗುವುದು ಹೆದ್ದಾರಿಯಲ್ಲಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಎಂಜಿನ್ ಶಕ್ತಿ ಎಂಟು ಪಟ್ಟು. ಸಾಮಾನ್ಯ ಹ್ಯಾಚ್‌ಬ್ಯಾಕ್ ಒಂದನ್ನು ತೆಗೆದುಕೊಳ್ಳಿ: ಗಾಳಿತಡೆಯ ಗುಣಾಂಕ (ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆಂಬುದರ ಅಳತೆ) 0.33, ಮುಂಭಾಗದ ವಿಸ್ತೀರ್ಣ 2.1 ಚದರ ಮೀಟರ್. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 80 ನ್ಯೂಟನ್ (ಬಲವನ್ನು ಅಳೆಯುವ ಮಾನ), 100ರಲ್ಲಿ ಸುಮಾರು 325. ಟೈರ್ ಉರುಳುವಾಗಿನ ತಡೆ ಎರಡೂ ವೇಗದಲ್ಲಿ ಹೆಚ್ಚುಕಡಿಮೆ 150ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ 65–70 ಕಿ.ಮೀ. ದಾಟಿದ ಮೇಲೆ ಎಂಜಿನ್ ರಸ್ತೆಗಿಂತ ಗಾಳಿಯ ಜತೆಗೇ ಹೆಚ್ಚು ಗುದ್ದಾಡುತ್ತಿರುತ್ತದೆ.

ಈಗ ಕ್ಯಾರಿಯರ್‌ನ ಒಂದೇ ಒಂದು ಅಡ್ಡ ಸರಳನ್ನು ನೋಡೋಣ. 25 ಮಿ.ಮೀ. ದಪ್ಪದ, 1.1 ಮೀಟರ್ ಉದ್ದದ ದುಂಡು ಪೈಪ್. ಸಣ್ಣ ವಸ್ತುವಾದ್ದರಿಂದ ಲೆಕ್ಕಕ್ಕಿಲ್ಲ ಅನ್ನಿಸುತ್ತದೆ. ಆದರೆ ದುಂಡು ಪೈಪಿನ ಗಾಳಿತಡೆ ಗುಣಾಂಕ ಸುಮಾರು 1.2, ಇಡೀ ಕಾರಿನದಕ್ಕಿಂತ ಮೂರೂವರೆ ಪಟ್ಟು. ಇಷ್ಟು ಸಾಲದೆಂಬಂತೆ, ವಿಂಡ್‌ಶೀಲ್ಡ್ ಏರಿ ಟಾಪ್ ಮೇಲೆ ಹರಿಯುವ ಗಾಳಿ ಕಾರಿನ ವೇಗಕ್ಕಿಂತಲೂ ಜೋರಾಗಿರುತ್ತದೆ. ಪೈಪನ್ನು ಸರಿಯಾಗಿ ಅದೇ ಜಾಗದಲ್ಲಿ ಅಡ್ಡ ನಿಲ್ಲಿಸುತ್ತೇವೆ. ಆ ಹೆಚ್ಚುವರಿಯನ್ನು ಬಿಟ್ಟು ಲೆಕ್ಕ ಹಾಕಿದರೂ 100 ಕಿ.ಮೀ. ವೇಗದಲ್ಲಿ ಒಂದು ಪೈಪ್ 15 ನ್ಯೂಟನ್ ತಡೆ ಸೇರಿಸುತ್ತದೆ, ಕಾರಿನ ಒಟ್ಟು ಗಾಳಿತಡೆಯ ಶೇ 5ರ ಹತ್ತಿರ. ಹಿಂದಿನ ಪೈಪ್‌ಗಳು ಮುಂದಿನದರ ಮರೆಯಲ್ಲಿರುವುದರಿಂದ ಐದು ಪೈಪ್‌ಗೆ ಐದು ಪಟ್ಟು ಆಗುವುದಿಲ್ಲ, ನಿಜ. ಆದರೆ ಸುತ್ತಲಿನ ಕಟಾಂಜನ, ಮುಂದಿನ ಬಾಗು, ನಾಲ್ಕು ಕಾಲುಗಳು ತಮ್ಮ ಪಾಲು ಸೇರಿಸುತ್ತವೆ. ಅದೇ ಅಗಲದ ಸರಳು ವಿಮಾನದ ರೆಕ್ಕೆಯಂತೆ ಮುಂದೆ ದುಂಡಗೆ, ಹಿಂದೆ ಚೂಪಾಗಿದ್ದರೆ ತಡೆ ಎಷ್ಟೋ ಪಾಲು ಇಳಿಯುತ್ತದೆ. ಅಂಥ ಸರಳುಗಳು ಮಾರುಕಟ್ಟೆಯಲ್ಲಿವೆ, ಬೆಲೆ ಜಾಸ್ತಿ. ಚೂಪು ತುದಿ ಹಿಂದಕ್ಕೇ ಬರುವಂತೆ ಕೂರಿಸಬೇಕು. ತಿರುಗಿಸಿ ಹಾಕಿದರೆ ಕೊಟ್ಟ ದುಡ್ಡು ದಂಡ.

ಕ್ಯಾರಿಯರ್ ಸಿಳ್ಳೆ ಹೊಡೆಯುತ್ತದೆಂದು ಪೈಪಿಗೆ ಹಗ್ಗ ಸುತ್ತುವ ಚಾಲಕರಿದ್ದಾರೆ. ಉಪಾಯ ಸರಿಯಾದದ್ದೇ: ಪೈಪಿನ ಹಿಂದೆ ಸುಳಿಗಳು ಒಂದೇ ಲಯದಲ್ಲಿ ಕಳಚಿಕೊಳ್ಳುವುದರಿಂದ ಸಿಳ್ಳೆ ಹುಟ್ಟುತ್ತದೆ, ಓರೆಯಾಗಿ ಸುತ್ತಿದ ಹಗ್ಗ ಆ ಲಯವನ್ನು ಮುರಿಯುತ್ತದೆ. ಆದರೆ ಸದ್ದು ಹೋಯಿತೆಂದು ತಡೆಯೂ ಹೋಯಿತೆಂದುಕೊಳ್ಳಬಾರದು. ಪೆಟ್ರೋಲ್ ಮೊದಲಿನಷ್ಟೇ ಹೋಗುತ್ತಿರುತ್ತದೆ.

ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ, ಟಾಪ್ ಮೇಲೆ ದೊಡ್ಡ ಮೊಂಡು ಪೆಟ್ಟಿಗೆ ಕಟ್ಟಿದರೆ ಮೈಲೇಜ್ ನಗರದಲ್ಲಿ ಶೇ 2ರಿಂದ 8, ಹೆದ್ದಾರಿಯಲ್ಲಿ ಶೇ 6ರಿಂದ 17, ಗಂಟೆಗೆ 105–120 ಕಿ.ಮೀ. ವೇಗದಲ್ಲಿ ಶೇ 10ರಿಂದ 25ರವರೆಗೆ ಕುಸಿಯುತ್ತದೆ. ಅದೇ ಪೆಟ್ಟಿಗೆ ಗಾಡಿಯ ಹಿಂಬದಿಯಲ್ಲಿದ್ದರೆ ನಷ್ಟ ಹೆದ್ದಾರಿಯಲ್ಲೂ ಶೇ 1ರಿಂದ 5 ಮಾತ್ರ. ನಮ್ಮ ಖಾಲಿ ಕ್ಯಾರಿಯರ್‌ಗೆ ಶೇ 5 ಎಂದಿಟ್ಟುಕೊಂಡರೂ ಸಾಕು. ಲೀಟರಿಗೆ 14 ಕಿ.ಮೀ. ಕೊಡುವ ಡೀಸೆಲ್ ಟ್ಯಾಕ್ಸಿ ವರ್ಷಕ್ಕೆ 40,000 ಕಿ.ಮೀ. ಹೆದ್ದಾರಿಯಲ್ಲಿ ಓಡಿದರೆ ಸುಮಾರು 150 ಲೀಟರ್ ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿಯಂತೆ 13,500 ರೂಪಾಯಿ. ಆ ದುಡ್ಡಿಗೆ ಎರಡು ಹೊಸ ಟೈರ್ ಬಂದೀತು.

ಹಾಗಾದರೆ ಬಿಚ್ಚಿಡುವುದಿಲ್ಲವೇಕೆ? ಹೆಚ್ಚಿನ ಸಲ ಬಿಚ್ಚಲು ಬರುವುದೇ ಇಲ್ಲ. ಒಂದು ಮಳೆಗಾಲ ಕಳೆದರೆ ಕಾಲಿನ ಬೋಲ್ಟ್‌ಗಳು ತುಕ್ಕು ಹಿಡಿದು ಕೂತುಬಿಡುತ್ತವೆ. ಹಾಕುವ ದಿನವೇ ಎಳೆಗಳಿಗೆ ಗ್ರೀಸ್ ಹಚ್ಚಿ, ಸ್ಟೇನ್‌ಲೆಸ್ ಬೋಲ್ಟ್ ಕೇಳಿ ಹಾಕಿಸಿ, ಅಲೆನ್ ಕೀ ಡ್ಯಾಶ್‌ಬೋರ್ಡ್ ಖಾನೆಯಲ್ಲಿಟ್ಟರೆ ಬಿಚ್ಚುವುದು ಹತ್ತು ನಿಮಿಷದ ಕೆಲಸ. ಕಾಲಿನ ಕೆಳಗಿನ ರಬ್ಬರ್ ಒರೆಸಿಯೇ ಕೂರಿಸಬೇಕು, ಸಿಕ್ಕಿಕೊಂಡ ಮರಳು ಪೇಂಟನ್ನು ಅರೆದುಬಿಡುತ್ತದೆ. ಬಾಗಿಲಂಚಿಗೆ ಸಿಕ್ಕಿಸುವ ಕ್ಲ್ಯಾಂಪ್ ಆದರೆ ಅತಿಯಾಗಿ ಬಿಗಿಯಬಾರದು. ಅಂಚು ಬಾಗಿದರೆ ಬಾಗಿಲಿನ ರಬ್ಬರ್ ಬೀಡಿಂಗ್ ಸರಿಯಾಗಿ ಕೂರದೆ ಮಳೆನೀರು ಒಳಗಿಳಿಯುತ್ತದೆ. ಆಮೇಲೆ ಎಲ್ಲರೂ ಬಾಗಿಲನ್ನೇ ದೂರುತ್ತಾರೆ.

ಲಗೇಜ್ ಮೇಲೆ ಹಾಕಲೇಬೇಕಾದಾಗ ಭಾರದ್ದನ್ನು ಡಿಕ್ಕಿಗೆ ತುಂಬಿ, ಹಗುರದ್ದನ್ನು ಮಾತ್ರ ಮೇಲಿಡಿ. ಎತ್ತರಕ್ಕೆ ಪೇರಿಸುವ ಬದಲು ಅಡ್ಡಡ್ಡ ಹರಡಿ. ಟಾರ್ಪಾಲಿನ ಮುಂದಿನ ಅಂಚನ್ನು ಲಗೇಜಿನ ಅಡಿಗೆ ಮಡಚಿ ಹಗ್ಗ ಎಳೆಯಿರಿ. ಅಂಚು ಮೇಲೆದ್ದು ಗಾಳಿ ತುಂಬಿಕೊಂಡರೆ ತಡೆ ಏರುವುದಷ್ಟೇ ಅಲ್ಲ, ಹಗ್ಗವೂ ಸಡಿಲವಾಗುತ್ತದೆ. ಟಾಪ್ ಎಷ್ಟು ತೂಕ ತಡೆಯುತ್ತದೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಕ್ಯಾರಿಯರ್‌ನ ತೂಕವನ್ನೂ ಅದರಲ್ಲೇ ಸೇರಿಸಿ ಲೆಕ್ಕ ಹಾಕಬೇಕು. ಮುಂಗಾರಿನಲ್ಲಿ ಚಿತ್ರದುರ್ಗದ ಕಡೆ ಸಾಗುವವರಿಗೆ ಇನ್ನೊಂದು ಮಾತು. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. 90ರ ವೇಗಕ್ಕೆ 20 ಕಿ.ಮೀ. ಎದುರುಗಾಳಿ ಸೇರಿದರೆ ಕಾರಿನ ಪಾಲಿಗೆ ಅದು 110. ತಡೆ ಒಂದೂವರೆ ಪಟ್ಟು.

ಇನ್ನು ಕಾರಿಗೆ ಹಾಕಿಸುವ ಬೇರೆ ಸಾಮಾನುಗಳು. ಬಂಪರ್ ಮುಂದೆ ಕೂರಿಸುವ ಲೋಹದ ಚೌಕಟ್ಟಾದ ಬುಲ್ ಬಾರ್ ವಿಷಯದಲ್ಲಿ ಮೈಲೇಜ್ ಚರ್ಚೆಯೇ ಬೇಕಿಲ್ಲ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಡಿಕ್ಕಿ ಮೇಲೆ ಅಂಟಿಸುವ ಸ್ಪಾಯ್ಲರ್ ಬಹುಪಾಲು ಅಲಂಕಾರ. ನವೆಂಬರ್ ಇಡೀ ಬಾನೆಟ್ ಮೇಲೆ ಪಟಪಟಿಸುವ ಬಾವುಟವೂ ತಡೆಯೇ, ಆದರೆ ಅದನ್ನು ತೆಗೆಯಿರಿ ಎನ್ನುವ ಧೈರ್ಯ ನಮಗಿಲ್ಲ. ಹೆದ್ದಾರಿಗೆ ಇಳಿಯುವಾಗ ಮಡಚಿಟ್ಟರೆ ಬಟ್ಟೆಯಾದರೂ ಹರಿಯದೆ ಉಳಿದೀತು. ಅಗಲ ಟೈರ್ ಹಾಕಿಸಿ ಮೈಲೇಜ್ ಬಿತ್ತೆನ್ನುವವರು ಮೊದಲು ಸುತ್ತಳತೆ ನೋಡಲಿ. 165/80 ಆರ್14 ಅಳತೆಯದನ್ನು ತೆಗೆದು 195/65 ಆರ್15 ಅಳತೆಯದನ್ನು ಹಾಕಿದರೆ ಟೈರ್ ಶೇ 2.4ರಷ್ಟು ದೊಡ್ಡದಾಗುತ್ತದೆ, ಓಡಿದ ದೂರವನ್ನು ಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಬಿದ್ದಂತೆ ಕಂಡ ಮೈಲೇಜಿನಲ್ಲಿ ಒಂದಿಷ್ಟು ಬರೀ ಲೆಕ್ಕದ ತಪ್ಪು.

ಲಾರಿಗಳಲ್ಲಿ ಕ್ಯಾಬಿನ್ ಮೇಲೆ ಗಾಳಿಯನ್ನು ತಿರುಗಿಸಲು ಹಾಕುವ ಹಲಗೆ ಹಿಂದಿನ ಲೋಡಿನ ಎತ್ತರಕ್ಕೆ ಹೊಂದಿದ್ದರೆ ಮಾತ್ರ ಲಾಭ. ಬಾಡಿ ಖಾಲಿಯಿದ್ದು ಹಲಗೆ ಮಾತ್ರ ಎದ್ದು ನಿಂತಿದ್ದರೆ ಅದೇ ಹೊರೆ. ಎತ್ತರ ಹೊಂದಿಸಲು ಬರುವಂಥದ್ದನ್ನೇ ಹಾಕಿಸಬೇಕು.

ನಂಬಿಕೆ ಬರದವರು ತಾವೇ ಅಳೆಯಬಹುದು. ಒಂದೇ ಬಂಕ್, ಒಂದೇ ಪಂಪ್, ನಾಜಲ್ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಒಂದೇ ದಾರಿಯಲ್ಲಿ ಹೋಗಿ ಬರುವುದು ಒಂದು ಸುತ್ತು, ಕನಿಷ್ಠ 150 ಕಿ.ಮೀ., ವೇಗ 85ರಲ್ಲೇ ಇರಲಿ. ಮೊದಲ ಸುತ್ತು ಕ್ಯಾರಿಯರ್ ಸಹಿತ, ಮುಂದಿನ ಎರಡು ರಹಿತ, ಕೊನೆಯದು ಮತ್ತೆ ಸಹಿತ. ಈ ಕ್ರಮದಲ್ಲಿ ಓಡಿಸಿದರೆ ಬಿಸಿಲು, ಗಾಳಿ ಹೊತ್ತೇರಿದಂತೆ ಬದಲಾಗುವ ಪ್ರಭಾವ ಎರಡೂ ಕಡೆಗೆ ಹಂಚಿಹೋಗುತ್ತದೆ.

ಸಾರಿಗೆ ಇಲಾಖೆಗೆ ನಮ್ಮ ಕೋರಿಕೆ ದೊಡ್ಡದೇನಲ್ಲ. ಯೆಲ್ಲೋ ಬೋರ್ಡ್ ಗಾಡಿ ಎಫ್‌.ಸಿ.ಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಬಂದಾಗ ಕ್ಯಾರಿಯರ್ ಬೋಲ್ಟ್ ಬಿಚ್ಚಲು ಬರುತ್ತದೆಯೇ ಎಂದು ನೋಡಿ, ಖಾಲಿ ಓಡಿಸಿದರೆ ಆಗುವ ನಷ್ಟವನ್ನು ಬರೆದ ಒಂದು ಚೀಟಿಯನ್ನು ಕನ್ನಡದಲ್ಲಿ ಚಾಲಕರ ಕೈಗೆ ಕೊಡಲಿ. ಶೋರೂಂಗಳು ಆಕ್ಸೆಸರಿ ಪಟ್ಟಿಯಲ್ಲಿ ಬೆಲೆಯ ಪಕ್ಕ ಇನ್ನೊಂದು ಅಂಕಣ ಸೇರಿಸಲಿ: ಇದನ್ನು ಹಾಕಿಸಿದರೆ 90 ಕಿ.ಮೀ. ವೇಗದಲ್ಲಿ ಮೈಲೇಜ್ ಎಷ್ಟು ಇಳಿಯುತ್ತದೆ ಎಂದು.

– ಆಟೊಮೊಬೈಲ್ ವಿಭಾಗದ ಉಪನ್ಯಾಸಕರು, ತುಮಕೂರು