ಎರಡು ವರ್ಷದ ಪರಿಸರ ವಿಜ್ಞಾನ ಡಿಪ್ಲೊಮಾ: ಕಟ್ಟಡಕ್ಕಿಂತ ಮೊದಲು ಇನ್‌ಕ್ಯುಬೇಟರ್ ಕೊಡಿಸಿ

ಚಿಕ್ಕಮಗಳೂರು ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ಪರಿಸರ ವಿಜ್ಞಾನ ಡಿಪ್ಲೊಮಾ ನಮ್ಮ ಊರಿಗೆ ಬೇಕೆಂದು ಕೇಳಲು ಈ ಪತ್ರ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಸುಮಾರು 60 ಕ್ರೆಡಿಟ್‌ನ ಇಂಥದೇ ಅಸೋಸಿಯೇಟ್ ಪದವಿ ಇದೆ. ಮುಗಿಸಿದವರು ಕೆಲಸಕ್ಕೂ ಹೋಗಬಹುದು, ಓದು ಮುಂದುವರಿಸಲೂಬಹುದು.

ಆದರೆ ಪದವಿ ತರಗತಿಗಳ ಕಡ್ಡಾಯ ಪರಿಸರ ಅಧ್ಯಯನಕ್ಕೆ ಬಂದ ಗತಿ ಇದಕ್ಕೂ ಬರಬಾರದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ರೂಪಿಸಿದ್ದ ಆರು ತಿಂಗಳ ಪಠ್ಯದಲ್ಲಿ 50 ತರಗತಿ, ಹೊರಗೆ ಹೋಗಿ ನೋಡಲು ಬರೀ 5. ಓಝೋನ್ ಪದರದ ಮೇಲೆ ಎರಡು ಪುಟ ಬರೆದವರಿಗೆ ತಮ್ಮೂರ ಹಳ್ಳದ ನೀರು ಪರೀಕ್ಷಿಸಲು ಬಾರದು.

ನಮ್ಮಲ್ಲಿ ಪರೀಕ್ಷಿಸಬೇಕಾದ್ದು ಮೊದಲಿಗೆ ಪಲ್ಪಿಂಗ್ ನೀರು. ಕಾಫಿ ಹಣ್ಣಿನ ಸಿಪ್ಪೆ, ಲೋಳೆ ತೊಳೆದ ಈ ನೀರು ಒಂದೆರಡು ದಿನದಲ್ಲೇ ಹುಳಿಯುತ್ತದೆ. ಹುಳಿಯ ಅಳತೆಯಾದ ಪಿಎಚ್ (7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) 4ರ ಆಸುಪಾಸಿಗೆ ಇಳಿಯುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ಸಕ್ಕರೆ ತಿನ್ನುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಂಡು ಮೀನು ಸಾಯುತ್ತವೆ. ಹೇಮಾವತಿ ಹುಟ್ಟುವುದು ನಮ್ಮ ಮೂಡಿಗೆರೆ ಸೀಮೆಯಲ್ಲಿ. ಗೊರೂರಿನ ಅಣೆಕಟ್ಟೆಯಲ್ಲಿ ಹಾಸನದವರಿಗೆ ಸಿಗುವುದು ಇದೇ ನೀರು.

ಈ ಆಮ್ಲಜನಕದ ಹಸಿವನ್ನು ಅಳೆಯುವುದೇ ಬಿಒಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮಾಂಡ್) ಪರೀಕ್ಷೆ. ನೀರನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಕೆಲವು ದಿನದಲ್ಲಿ ಅದರ ಆಮ್ಲಜನಕ ಎಷ್ಟು ಇಳಿಯಿತೆಂದು ನೋಡುವುದು. ತಪ್ಪು ಎಲ್ಲಿ ಆಗುತ್ತದೆಂದರೆ, 300 ಮಿ.ಲೀ. ಬಾಟಲಿಯಲ್ಲಿ ಕರಗಿರುವ ಆಮ್ಲಜನಕವೇ ಲೀಟರಿಗೆ 8 ಮಿ.ಗ್ರಾಂ. ಆಜುಬಾಜು. ಪಲ್ಪಿಂಗ್ ನೀರನ್ನು ತೆಳು ಮಾಡದೆ ತುಂಬಿಸಿಟ್ಟರೆ ಅಷ್ಟೂ ಖಾಲಿಯಾಗಿ ಲೆಕ್ಕದಲ್ಲಿ ಬರುವುದು ಅದೇ 8. ಸಾವಿರಗಳಲ್ಲಿ ಇರಬೇಕಾದ ಅಂಕಿ! ವರದಿ ಓದಿದವರು ನೀರು ಚೊಕ್ಕ ಎಂದುಕೊಳ್ಳುತ್ತಾರೆ. ಆದ್ದರಿಂದ ಮೊದಲು ಪಿಎಚ್ ಅನ್ನು 7ರ ಹತ್ತಿರಕ್ಕೆ ತರಬೇಕು, ಬಾಟಲಿಗೆ 1 ಮಿ.ಲೀ. ಅಥವಾ ಇನ್ನೂ ಕಡಿಮೆ ಮಾದರಿ ಹಾಕಿ ಉಳಿದದ್ದಕ್ಕೆ ಗಾಳಿಯಾಡಿಸಿದ ಪೋಷಕ ನೀರು (ಸೂಕ್ಷ್ಮಾಣುಗಳಿಗೆ ಬೇಕಾದ ಲವಣ ಬೆರೆಸಿದ್ದು) ತುಂಬಬೇಕು. ಗುಳ್ಳೆ ಉಳಿಯಕೂಡದು. ಮೂರು ಬೇರೆ ಬೇರೆ ಪ್ರಮಾಣದಲ್ಲಿ ಇಡುವುದು ಕ್ಷೇಮ. ಕೊನೆಗೆ ಆಮ್ಲಜನಕ ಲೀಟರಿಗೆ ಕನಿಷ್ಠ 2 ಮಿ.ಗ್ರಾಂ. ಇಳಿದಿರಬೇಕು, ಕನಿಷ್ಠ 1 ಮಿ.ಗ್ರಾಂ. ಉಳಿದಿರಬೇಕು, ಇಲ್ಲದಿದ್ದರೆ ಆ ಬಾಟಲಿ ಲೆಕ್ಕಕ್ಕಿಲ್ಲ. ಇದು ಕೈಗೆ ಹತ್ತುವುದು ಮತ್ತೆ ಮತ್ತೆ ಮಾಡಿದಾಗಲೇ.

ಬಾಟಲಿಗಳು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ, ಕತ್ತಲಲ್ಲಿ ಇರಬೇಕು. ಮಧ್ಯೆ ಕರೆಂಟು ಹೋಗಿ, ಈ ಉಷ್ಣತೆ ಕಾಯುವ ಪೆಟ್ಟಿಗೆಯಾದ ಇನ್‌ಕ್ಯುಬೇಟರ್ ನಿಂತರೆ ಮಾಡಿದ್ದೆಲ್ಲ ವ್ಯರ್ಥ. ಮಲೆನಾಡಿನ ಕರೆಂಟಿನ ಕಥೆ ತಮಗೆ ನಾವು ಹೇಳಬೇಕಿಲ್ಲ. ಇನ್‌ಕ್ಯುಬೇಟರ್ ಜೊತೆಗೇ ಅದನ್ನು ನಡೆಸಬಲ್ಲ ಯುಪಿಎಸ್, ಮಾದರಿ ತರಲು ಐಸ್ ಪೆಟ್ಟಿಗೆ, ವರ್ಷ ವರ್ಷ ರಾಸಾಯನಿಕ ಕೊಳ್ಳಲು ಪ್ರತ್ಯೇಕ ಹಣ, ಒಬ್ಬ ಕಾಯಂ ಲ್ಯಾಬ್ ಸಹಾಯಕ, ಇಷ್ಟು ಮಂಜೂರಾಗದೆ ಪ್ರವೇಶ ಆರಂಭಿಸಬೇಡಿ. ಸ್ಮಾರ್ಟ್ ಬೋರ್ಡು ಆಮೇಲೆ ಬಂದರಾಯಿತು.

ಇನ್ನೊಂದು ಮಾತು ವೇಳಾಪಟ್ಟಿಯದು. ಅರೇಬಿಕಾ ಪಲ್ಪಿಂಗ್ ಜೋರಾಗಿರುವುದು ನವೆಂಬರಿನಿಂದ ಜನವರಿಯವರೆಗೆ. ಆಗಲೇ ಪರೀಕ್ಷೆ, ರಜೆ ಇಟ್ಟುಕೊಂಡರೆ ಮಕ್ಕಳು ಪಲ್ಪಿಂಗ್ ನೀರನ್ನು ಚಿತ್ರದಲ್ಲಷ್ಟೇ ನೋಡುತ್ತಾರೆ. ಆ ತಿಂಗಳುಗಳಲ್ಲಿ ವಾರಕ್ಕೆರಡು ದಿನ ತೋಟ ಮತ್ತು ಹಳ್ಳದ ಕೆಲಸಕ್ಕೇ ಬಿಡಬೇಕು. ತೋಟದವರ ಒಪ್ಪಿಗೆ ಪಡೆಯಲು ತಮ್ಮ ಒಂದು ಮಾತು ನಮ್ಮ ಹತ್ತು ಅರ್ಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಡಿಪ್ಲೊಮಾ ಮುಗಿಸಿದವರಿಗೆ ಬಿ.ಎಸ್ಸಿ. ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುವಂತೆ ವಿಶ್ವವಿದ್ಯಾಲಯದೊಂದಿಗೆ ಲಿಖಿತ ಒಪ್ಪಂದವನ್ನೂ ಪ್ರವೇಶ ಪ್ರಕಟಣೆಗೆ ಮೊದಲೇ ಮಾಡಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಪರಿಸರ ವಿಜ್ಞಾನ ಬೋಧಕರು ಮತ್ತು ಪ್ರಯೋಗಾಲಯ ಸಿಬ್ಬಂದಿ, ಚಿಕ್ಕಮಗಳೂರು